ರಾಜಮ್ಮಣ್ಣಿ ಅಕ್ಕನ ಗೌರಿ ಹೂವು

ಇವತ್ತು ಬೆಳಿಗ್ಗೆ ಒಗೆದ ಬಟ್ಟೆ ಹರವಲು ಅಂಗಳಕ್ಕೆ ಹೋದಾಗ ಹಿಂದಿನಿಂದ ಯಾರೋ ಸೆರಗು ಹಿಡಿದೆಳೆದ ಹಾಗಾಯಿತು. ಈ ವಯಸ್ಸಿನಲ್ಲಿ ನನ್ನ ಸೆರಗು ಹಿಡಿಯುವವರು ಯಾರಪ್ಪಾ ಎಂದು ತಿರುಗಿದರೆ ಯಾರೂ ಇಲ್ಲ. ಕಟ್ಟೆಯ ಮೇಲೆ ಮಣ್ಣು ತುಂಬಿದ ಒಂದು ಕಪ್ಪು ಪ್ಲಾಸ್ಟಿಕ್ ಚೀಲವಿತ್ತು, ಅದರಲ್ಲಿ ಮೊಳದುದ್ದದ ಒಂದು ಬಳ್ಳಿ. ಆ ಬಳ್ಳಿಯ ಎಲೆಯ ತುದಿ ಸುರುಳಿಯಾಗಿ ಬಾಗಿ ನನ್ನ ಸೀರೆಯ ನೂಲಿಗೆ ಸಿಕ್ಕಿಕೊಂಡಿತ್ತು. ಎಲೆಯ ತುದಿಯಲ್ಲೇ ಕೊಕ್ಕೆ ಇಟ್ಟುಕೊಂಡು ಬೆಳೆಯುವ ಬಳ್ಳಿ ನನಗೆ ಗೊತ್ತಿರುವುದು ಒಂದೇ, ಗೌರಿ ಹೂವಿನದು. ಹೂ ಬಿಡದಿದ್ದರೂ ಗುರುತು ಹತ್ತಿತು. ಬಿಡಿಸಿಕೊಳ್ಳದೆ ಹಾಗೇ ನಿಂತುಬಿಟ್ಟೆ.

ತಂದಿಟ್ಟವಳು ಸಹನಾ. ನನ್ನ ಗಂಡನ ಅಣ್ಣನ ಮೊಮ್ಮಗಳು. ತಾಳವಾಡಿಯ ಒಂದು ಶಾಲೆಯಲ್ಲಿ ಟೀಚರು. ಹೋದ ವರ್ಷದಿಂದ ಅವಳಿಗೊಂದು ಗೀಳು ಹತ್ತಿದೆ. ಜೇನಿಗೆ, ಚಿಟ್ಟೆಗೆ, ಸಣ್ಣ ಹಕ್ಕಿಗಳಿಗೆ ಆಗುವಂಥ ಗಿಡಗಳನ್ನೇ ಮನೆಯ ಸುತ್ತ ಹಾಕಬೇಕು, ಅವೂ ಈ ಸೀಮೆಯ ಗಿಡಗಳೇ ಆಗಿರಬೇಕು ಅಂತ. ಎಲ್ಲಿಂದಲೋ ಬೀಜ ತರುತ್ತಾಳೆ, ಫೋನಿನಲ್ಲಿ ಫೋಟೋ ತೆಗೆಯುತ್ತಾಳೆ, ಯಾರೋ ದೂರದವರು ಅದನ್ನು ನೋಡಿ ಹೊಗಳುತ್ತಾರೆ. ನನಗೂ ಖುಷಿಯೇ. ಗಿಡದ ವಿಷಯದಲ್ಲಿ ನನ್ನ ಕೈ ಒಳ್ಳೆಯದಲ್ಲ. ನಾನು ನೀರು ಹಾಕಿದ ತುಳಸಿ ಕೂಡ ಬೇಸರ ಮಾಡಿಕೊಂಡು ಒಣಗಿದ್ದುಂಟು. ಹಾಗಾಗಿ ದೂರ ಕೂತು ಮೆಚ್ಚುವುದಷ್ಟೇ ನನ್ನ ಪಾಲಿನ ಕೆಲಸ.

ಅವಳು ಕೈಯಲ್ಲಿ ಗುದ್ದಲಿ ಹಿಡಿದು ಬಂದು, "ಚಿಕ್ಕಜ್ಜಿ, ಇದು ಸೆಂಗಾಂದಳ್. ನಮ್ ತಮಿಳ್ನಾಡ್ನ ರಾಜ್ಯದ ಊವು ಗೊತ್ತಾ? ಸತ್ಯಮಂಗಲದ ನರ್ಸರಿಲಿ ಸಿಕ್ತು. ನೀನು ಯಾವಾಗ್ಲಾದ್ರೂ ಇದ ನೋಡಿದ್ದಿಯಾ?" ಅಂದಳು.

"ನೋಡಿವ್ನಿ ಕಣವ್ವ" ಎಂದು ಬಟ್ಟೆ ಕೊಡವತೊಡಗಿದೆ. ಒಂದೇ ಲಂಗವನ್ನು ಎಷ್ಟು ಸಲ ಕೊಡವಿದೆನೋ.

ಅವಳಿಗೆ ಆ ಕ್ಷಣಕ್ಕೆ ಹೇಳಲಾಗದ್ದನ್ನು ನಿಮ್ಮ ಹತ್ತಿರ ಹೇಳುತ್ತೇನೆ. ನೀವು ಈ ಮನೆಯವರಲ್ಲ, ಕೇಳಿ ಎದ್ದು ಹೋಗಬಹುದು.

ನಾನು ಎಪ್ಪತ್ತರ ದಶಕದ ನಡುವಿನಲ್ಲಿ ಈ ತಿಗನಾರೆಯ ಮನೆಗೆ ಸೊಸೆಯಾಗಿ ಬಂದೆ. ಅಪ್ಪನಿಗೆ ತಾಳವಾಡಿಯಲ್ಲಿ ಸಣ್ಣದೊಂದು ಅಂಗಡಿ. ನಾನು ಎಸ್ಸೆಸ್ಸೆಲ್ಸಿ ಓದಿದವಳು ಎಂಬುದು ನಮ್ಮಪ್ಪನಿಗೂ ನನಗೂ ಬಹಳ ದೊಡ್ಡ ವಿಷಯವಾಗಿತ್ತು. ಮಿಕ್ಕ ಯಾರಿಗೂ ಆಗಿರಲಿಲ್ಲ. ಈ ಮನೆಯಲ್ಲಿ ಆಗ ಇದ್ದದ್ದು ಅತ್ತೆ, ಬಾವ, ಬಾವನ ಹೆಂಡತಿ ರಾಜಮ್ಮಣ್ಣಿ, ಮತ್ತೆ ನನ್ನ ಗಂಡ. ಮಾವ ತೀರಿಹೋಗಿದ್ದರು. ಅತ್ತೆ ಮೂರು ಹೊತ್ತೂ ಲಿಂಗಪೂಜೆ ಮಾಡುವವರು. ಬಾಯಿ ಕೆಟ್ಟದ್ದೇನಲ್ಲ, ಆದರೆ ಒಮ್ಮೆ ಮನಸ್ಸಿಗೆ ಹೊಕ್ಕಿದ್ದನ್ನು ಈಚೆಗೆ ತೆಗೆಯುವವರಲ್ಲ. ಬಾವ ಎತ್ತರದ ಆಳು, ಹೊಲದಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದರು, ಮಾತು ಮಾತ್ರ ಕಡಿಮೆ.

ರಾಜಮ್ಮಣ್ಣಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗೆಟ್ಟವಾಡಿಯ ಕಡೆಯವಳು. ಮದುವೆಯಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು, ಮಕ್ಕಳಾಗಿರಲಿಲ್ಲ. ನಾನು ಬಂದ ಹೊಸದರಲ್ಲಿ ರಾಗಿಮುದ್ದೆ ಕಟ್ಟಿದರೆ ಒಳಗೆಲ್ಲ ಗಂಟು. ಮೊದಲ ದಿನ ಬಾವನ ತಟ್ಟೆಯಲ್ಲಿ ಮುದ್ದೆ ಒಡೆದಾಗ ಒಣ ಹಿಟ್ಟು ಪುಡಿಪುಡಿಯಾಗಿ ಉದುರಿತು. ಅತ್ತೆ ನನ್ನ ಕಡೆ ನೋಡುವಷ್ಟರಲ್ಲಿ ಅಕ್ಕ, "ನಾನೇ ತಿರುವ್ದಿ ಅತ್ತೆ, ಕೈ ಸೋತೋಗಿತ್ತು" ಅಂದುಬಿಟ್ಟಳು. ಅವಳು ತಿರುವಿದ ಮುದ್ದೆಯಲ್ಲಿ ಯಾವತ್ತೂ ಗಂಟಿರುತ್ತಿರಲಿಲ್ಲ, ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಮಾತು ಅಲ್ಲಿಗೆ ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕೈಗೆ ಮುದ್ದೆಕೋಲು ಕೊಟ್ಟು, ನನ್ನ ಕೈ ಮೇಲೆ ತನ್ನ ಕೈ ಇಟ್ಟು ತಿರುವಿಸಿದಳು. ನಾನು ಓದಿದ ಸ್ಕೂಲಿನಲ್ಲಿ ಯಾರೂ ಅಷ್ಟು ಸಮಾಧಾನವಾಗಿ ಏನನ್ನೂ ಕಲಿಸಿರಲಿಲ್ಲ.

ಹಿತ್ತಲು ಅವಳದು. ಎಲ್ಲರ ಹಿತ್ತಲಲ್ಲೂ ಅವರೆ, ಹೀರೆ, ಕುಂಬಳ ಇರುತ್ತಿದ್ದವು. ಅಕ್ಕನ ಹಿತ್ತಲಲ್ಲಿ ಅವುಗಳ ಜೊತೆಗೆ ಬೇರೆಯವರು ಕಿತ್ತು ಎಸೆಯುವಂಥವೂ ಇರುತ್ತಿದ್ದವು. ತುಂಬೆ ಗಿಡವನ್ನು ಅವಳು ಕಳೆ ಎಂದು ಕೀಳುತ್ತಿರಲಿಲ್ಲ. ಅಂಚಿಗೆ ಒಂದು ಸಾಲು ಹುಚ್ಚೆಳ್ಳು ಚೆಲ್ಲುತ್ತಿದ್ದಳು, ಅದನ್ನು ಕೊಯ್ಯುವ ಆಸೆ ಅವಳಿಗಿದ್ದಂತೆ ಕಾಣುತ್ತಿರಲಿಲ್ಲ. ಬೇಲಿಯ ಉದ್ದಕ್ಕೂ ಗೌರಿ ಹೂವಿನ ಬಳ್ಳಿ. ಅದು ಕಾಡಂಚಿನ ಪೊದೆಗಳಲ್ಲಿ ತಾನೇ ಹುಟ್ಟಿ ತಾನೇ ಸಾಯುವ ಹೂವು. ಹುಲ್ಲು ಕೊಯ್ಯಲು ಹೋದಾಗ ಅದರ ಗೆಡ್ಡೆ ಅಗೆದು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. ಕಾಡಿನ ಗಿಡವನ್ನು ಯಾರಾದರೂ ಮನೆಗೆ ತರುತ್ತಾರಾ ಎಂದು ಅತ್ತೆ ಆಗಲೇ ಗೊಣಗಿದ್ದರಂತೆ. ಹಂದಿ ಕೂಡ ಮುಟ್ಟದ ಗೆಡ್ಡೆ ಅತ್ತೆ, ಬೇಲಿಗೆ ಕಾವಲಿದ್ದಂಗೆ ಇರ್ತದ ಎಂದು ಅಕ್ಕ ನಗಿಸಿದ್ದಳಂತೆ.

ಆ ಹೂವನ್ನು ನೀವು ನೋಡಿದ್ದರೆ ನಾನು ಹೇಳುವುದು ಬೇಕಿಲ್ಲ. ನೋಡಿರದಿದ್ದರೆ, ಉರಿಯುವ ಒಲೆಯ ಜ್ವಾಲೆಯನ್ನು ನೆನೆಸಿಕೊಳ್ಳಿ. ಮೊಗ್ಗು ತಲೆ ತಗ್ಗಿಸಿಕೊಂಡು ಹಸಿರಾಗಿರುತ್ತದೆ. ಅರಳಿದಾಗ ದಳಗಳು ಹಿಂದಕ್ಕೆ ಮಡಿಚಿ ಮೇಲಕ್ಕೆ ಏಳುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂವು ರಕ್ತದ ಬಣ್ಣಕ್ಕೆ ತಿರುಗುತ್ತದೆ. ಮುಂಗಾರು ಹಿಡಿದು ಗೌರಿ ಹಬ್ಬ ಹತ್ತಿರವಾಗುವ ಹೊತ್ತಿಗೆ ಬೇಲಿಯೇ ಹತ್ತಿ ಉರಿದ ಹಾಗೆ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿ ಹೆಸರಿಲ್ಲದಂತಾಗುತ್ತದೆ, ಗೆಡ್ಡೆ ಮಾತ್ರ ಮಣ್ಣಿನೊಳಗೆ ಮಲಗಿರುತ್ತದೆ.

ಅಕ್ಕ ಆ ಹೂವನ್ನು ಮುಡಿಯುತ್ತಿರಲಿಲ್ಲ, ಕೀಳುತ್ತಲೂ ಇರಲಿಲ್ಲ. ಪಾತ್ರೆ ಬೆಳಗುವುದು ಮುಗಿದ ಮೇಲೆ ಬಾವಿಕಟ್ಟೆಯ ಮೇಲೆ ಕೂತು ಅದರ ಹತ್ತಿರ ಯಾರ್ಯಾರು ಬರುತ್ತಾರೆ ಎಂದು ನೋಡುತ್ತಿದ್ದಳು. ಬರುವವರಿಗೆಲ್ಲ ಹೆಸರಿಟ್ಟಿದ್ದಳು. ಮೈ ತುಂಬ ಮಿರಮಿರ ಮಿಂಚುವ ಪುಟ್ಟ ಹಕ್ಕಿ, ಸೂರಕ್ಕಿ, ಮದುಮಗ. ಗುಂಯ್ ಎಂದು ಸದ್ದು ಮಾಡಿಕೊಂಡು ತಡವಾಗಿ ಬರುವ ದಪ್ಪ ಕರಿ ದುಂಬಿ ಪಟೇಲ. ತುಂಬೆಯ ಮೇಲೆ ಮುತ್ತುವ ಸಣ್ಣ ಜೇನುಗಳು ಕೂಲಿಯವರು, ಹೊತ್ತು ಮುಳುಗುವವರೆಗೆ ತಲೆ ಎತ್ತುವುದಿಲ್ಲ. "ಮಾತಾಡ್ಬ್ಯಾಡ ಬಾ ಇಲ್ಲಿ, ಪಟೇಲ ಬಂದವ್ನ" ಎಂದು ಪಿಸುಗುಟ್ಟಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದಳು. ಇಬ್ಬರು ದೊಡ್ಡ ಹೆಂಗಸರು ದುಂಬಿಯನ್ನು ನೋಡುತ್ತ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು.

ಒಮ್ಮೆ ಕೇಳಿದೆ, ಇದರಿಂದ ನಿನಗೇನು ಬರುತ್ತದೆ ಅಕ್ಕ ಅಂತ. ನನ್ನದು ಅಂಗಡಿಯವರ ಮನೆಯ ಬುದ್ಧಿ ನೋಡಿ.

"ಏನೂ ಬರಲ್ಲ" ಅಂದಳು. ಬೇಲಿಯ ಕಡೆ ಕೈ ತೋರಿಸಿ, "ಅವು ಬತ್ತವ" ಅಂದಳು.

ಗೆಡ್ಡೆ ವಿಷ ಎಂದು ನನಗೆ ಮೊದಲು ಹೇಳಿದವಳೂ ಅವಳೇ. ಅದನ್ನು ಮಾತ್ರ ಮುಟ್ಟಬೇಡ, ಮುಟ್ಟಿದರೆ ಕೈ ತೊಳೆಯದೆ ಬಾಯಿಗೆ ಇಡಬೇಡ ಎನ್ನುತ್ತಿದ್ದಳು. ಹಟ್ಟಿಯ ಮಕ್ಕಳು ಹಿತ್ತಲಿಗೆ ಬಂದರೆ ಬೇಲಿಯ ಹತ್ತಿರ ಬಿಡುತ್ತಿರಲಿಲ್ಲ. ಅವಳು ಮುಚ್ಚಿಟ್ಟಿದ್ದು ಏನೂ ಇರಲಿಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ. ಊರಿನಲ್ಲಿ ಎಲ್ಲರಿಗೂ ಆ ಗೆಡ್ಡೆಯ ಗುಣ ಗೊತ್ತಿತ್ತು. ಬೇಡದ ಬಸಿರು ಇಳಿಸುವುದಕ್ಕೆ ಅದನ್ನು ಬಳಸುತ್ತಾರೆ ಎಂಬ ಮಾತೂ ಹೆಂಗಸರ ನಡುವೆ ಓಡಾಡುತ್ತಿತ್ತು.

ಮಾರನೆಯ ವರ್ಷ ಮುಂಗಾರಿಗೆ ಮುಂಚೆ ನಾನು ಬಸುರಿಯಾದೆ. ನನಗಿಂತ ಹೆಚ್ಚು ಸಂಭ್ರಮ ಪಟ್ಟವಳು ಅಕ್ಕ. ಹೀಗೆ ಅಂದರೆ ಕತೆಗೆ ಬೇಕೆಂದು ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ಬಿಂದಿಗೆ ಎತ್ತಲು ಬಿಡುತ್ತಿರಲಿಲ್ಲ. ಅತ್ತೆ ಕಾಣದ ಹಾಗೆ ನನ್ನ ಪಾಲಿನ ರಾಗಿ ತಾನೇ ಬೀಸುತ್ತಿದ್ದಳು. ಹಸಿರು ಮಾವಿನಕಾಯಿ ಎಲ್ಲಿಂದ ತರುತ್ತಿದ್ದಳೋ ಗೊತ್ತಿಲ್ಲ. ಅವಳ ಮುಖ ನೋಡಿ ನನಗೆ ಒಮ್ಮೊಮ್ಮೆ ಸಂಕಟವಾಗುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು, "ಇದು ನನ್ನೂ ದೊಡ್ಡವ್ವ ಅಂತದಲ್ಲ" ಅಂದಿದ್ದಳು.

ಐದನೆಯ ತಿಂಗಳಿನಲ್ಲಿ ನನಗೆ ಚಳಿಜ್ವರ ಬಂತು. ಹಲ್ಲು ಕಟಕಟ ಎನ್ನುವಂಥ ಚಳಿ, ಆಮೇಲೆ ಬೆಂಕಿಯಂಥ ಮೈ. ಜೋರು ಮಳೆ, ಹಳ್ಳ ತುಂಬಿ ಬಸ್ಸು ನಿಂತಿತ್ತು. ಅಕ್ಕ ಹಿತ್ತಲಿಗೆ ಹೋಗಿ ತುಂಬೆ ಸೊಪ್ಪು ಕಿತ್ತು ತಂದು, ನಾನು ಮಲಗಿದ್ದ ಕಡೆಯೇ ಒರಳುಕಲ್ಲಿನಲ್ಲಿ ಮೆಣಸು ಹಾಕಿ ಅರೆದು, ಹಿಂಡಿ ರಸ ಕುಡಿಸಿದಳು. ನಮ್ಮ ಕಡೆ ಎಲ್ಲ ಮನೆಯಲ್ಲೂ ಕುಡಿಸುವುದೇ ಅದು. ಜ್ವರ ಒಮ್ಮೆ ಇಳಿದು ಮತ್ತೆ ಏರಿತು. ಒಂದು ಬೆಳಗಿನ ಜಾವ ಸೊಂಟ ಹಿಡಿದುಕೊಂಡು ಎದ್ದವಳಿಗೆ ಹಾಸಿಗೆ ಒದ್ದೆಯಾಗಿರುವುದು ತಿಳಿಯಿತು. ಮಗು ಉಳಿಯಲಿಲ್ಲ. ಗಂಡುಮಗು ಎಂದು ಅತ್ತೆ ನೋಡಿ ಹೇಳಿದರು. ಹೇಳದಿದ್ದರೆ ಆಗುತ್ತಿತ್ತು.

ಮಳೆ ಬಿಟ್ಟ ಮೇಲೆ ನನ್ನ ಗಂಡ ನನ್ನನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಲೇಡಿ ಡಾಕ್ಟರು ರಕ್ತ ನೋಡಿ, ಇದು ಜ್ವರದಿಂದಲೇ ಆದದ್ದು, ಬಸುರಿಯರಿಗೆ ಈ ಜ್ವರ ಬಂದರೆ ಹೀಗಾಗುವುದುಂಟು, ಮುಂದೆ ಮಕ್ಕಳಾಗುತ್ತವೆ ಎಂದರು. ಮುಂದೆ ಆಯಿತು ಕೂಡ, ನನಗೊಬ್ಬಳು ಮಗಳಿದ್ದಾಳೆ. ಆದರೆ ಅವತ್ತು ಆ ಮಾತನ್ನು ಜೋಪಾನವಾಗಿ ಮನೆಗೆ ತೆಗೆದುಕೊಂಡು ಬರುವಷ್ಟರಲ್ಲಿ ಮನೆಯಲ್ಲಿ ಬೇರೆ ಮಾತು ಕೂತಿತ್ತು, ಅಕ್ಕ ಕುಡಿಸಿದ್ದು ಗೌರಿ ಗೆಡ್ಡೆಯ ರಸ ಅಂತ.

ಅತ್ತೆಯ ತಮ್ಮ ಬಂದಿದ್ದ. ಅವನಿಗೆ ನೀಲಮ್ಮ ಎಂಬ ಮಗಳಿದ್ದಳು, ಮದುವೆಯ ವಯಸ್ಸು. ಬಾವನಿಗೆ ಎರಡನೆಯ ಮದುವೆ ಮಾಡಬೇಕೆಂದು ಅತ್ತೆಯೂ ಅವನೂ ಸುಮಾರು ದಿನದಿಂದ ಮಾತಾಡಿಕೊಳ್ಳುತ್ತಿದ್ದರು. ಒಳ್ಳೆಯ ಹೆಂಡತಿಯನ್ನು ಸುಮ್ಮಸುಮ್ಮನೆ ಮೂಲೆಗೆ ತಳ್ಳಿದರೆ ಜನ ಆಡಿಕೊಳ್ಳುತ್ತಾರೆ. ಅದಕ್ಕೊಂದು ನೆಪ ಬೇಕಿತ್ತು. ನನ್ನ ಹೊಟ್ಟೆಯಿಂದ ಹೋದದ್ದು ಅವರಿಗೆ ನೆಪವಾಗಿ ಒದಗಿತು. ಇದೆಲ್ಲ ನಾನು ಆಮೇಲೆ ಕೂಡಿಸಿ ಅರ್ಥ ಮಾಡಿಕೊಂಡದ್ದು. ಅತ್ತೆ ಬೇಕೆಂದೇ ಸುಳ್ಳು ಹೇಳಿದರು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅವರಿಗೆ ನಂಬಲು ಇಷ್ಟವಿತ್ತು, ನಂಬಿದರು. ಬಂಜೆಯ ಹೊಟ್ಟೆಕಿಚ್ಚು, ಹಿತ್ತಲಲ್ಲಿ ವಿಷದ ಗೆಡ್ಡೆ, ಕಣ್ಣೆದುರಿಗೇ ಅರೆದು ಕುಡಿಸಿದ್ದು: ಅವರ ಮನಸ್ಸಿನಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

ಬಸವನ ಗುಡಿಯ ಜಗಲಿಯ ಮೇಲೆ ಊರ ಯಜಮಾನರು ಸೇರಿದರು. ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿರಲಿಲ್ಲ. ನಾನು ಹೋದೆ. ಇನ್ನೂ ಕಾಲಲ್ಲಿ ಶಕ್ತಿಯಿರಲಿಲ್ಲ, ಗುಡಿಯ ಕಂಬ ಹಿಡಿದು ನಿಂತೇ ಹೇಳಿದೆ. "ಅಕ್ಕ ಕೊಟ್ಟುದ್ದು ತುಂಬೆಸೊಪ್ಪು. ನನ್ ಕಣ್ಮುಂದ ಅರ್ದಳು, ನಾನು ನೋಡ್ಕಂಡೇ ಕುಡ್ದಿನಿ. ಜ್ವರದಿಂದ ಓಯ್ತು ಅಂತ ಡಾಕ್ಟ್ರು ಏಳವ್ರ." ನನ್ನ ಗಂಡನ ಕಡೆ ನೋಡಿದೆ, ಡಾಕ್ಟರ ಮಾತು ಅವರೂ ಕೇಳಿದ್ದರು. ಅವರು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದರು.

ಹಿರಿಯ ಯಜಮಾನರೊಬ್ಬರು ಅತ್ತೆಯ ತಮ್ಮನ ಕಡೆ ತಿರುಗಿ, ಹುಡುಗಿಗೆ ಜ್ವರ ಇನ್ನೂ ನೆತ್ತಿಯಿಂದ ಇಳಿದಿಲ್ಲ, ಕರೆದುಕೊಂಡು ಹೋಗಿ ಮಲಗಿಸಿ ಎಂದರು. ಅಷ್ಟೇ. ಎಸ್ಸೆಸ್ಸೆಲ್ಸಿ ಓದಿದವಳ ಸಾಕ್ಷಿ ಅಲ್ಲಿಗೆ ಮುಗಿಯಿತು.

ಆಮೇಲೆ ಬಾವನನ್ನು ಕೇಳಿದರು. ಇವಳ ಮೇಲೆ ನಿನಗೇನಾದರೂ ಅನುಮಾನ ಇದೆಯಾ, ಇವಳ ಪರವಾಗಿ ಹೇಳುವುದಿದೆಯಾ ಎಂದು. ಬಾವ ನೆಲ ನೋಡುತ್ತಿದ್ದರು. ಎರಡನೆಯ ಸಲ ಕೇಳಿದಾಗಲೂ ನೆಲವನ್ನೇ ನೋಡುತ್ತಿದ್ದರು. ಅಕ್ಕ ಮಾತ್ರ ಅವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಗ ಇದ್ದದ್ದು ಭಯವಲ್ಲ, ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನೇ ನೋಡುತ್ತಾರಲ್ಲ, ಅಂಥ ನೋಟ.

ಕೊನೆಗೆ ದೇವರ ಮುಂದೆ ಆಣೆ ಇಡು ಎಂದರು ಅವಳಿಗೆ. ಅಕ್ಕ ಎದ್ದು ಸೆರಗು ಹೊದ್ದುಕೊಂಡಳು.

"ನಾನು ಆಣೆ ಮಡಗಲ್ಲ. ಮಡಗುದ್ರ ನಂಬೋರು, ಮಡಗ್ದೇ ಇದ್ರೂ ನಂಬಿರೋರು" ಅಂದಳು. ಧ್ವನಿ ಏರಿರಲಿಲ್ಲ. ಅಲ್ಲಿಂದ ಮನೆಗೆ ಬಂದು, ತವರಿನಿಂದ ತಂದ ಟ್ರಂಕು ಎತ್ತಿಕೊಂಡು ಬಸ್ ನಿಲ್ಲುವ ಕಡೆಗೆ ನಡೆದಳು. ನಾನು ಹಿಂದೆ ಹೋದೆ. ಅಕ್ಕ, ಅಕ್ಕ ಎನ್ನುತ್ತಿದ್ದೆ. "ನೀ ಮಾತಾಡ್ದಲ್ಲ, ಅಷ್ಟೇ ಸಾಕು. ಒಳಿಕ್ಕೋಗು, ಗಾಳಿ ಅದ" ಅಂದಳು. ಬಸ್ಸು ಬಂದಾಗ ಟ್ರಂಕನ್ನು ತಾನೇ ಹತ್ತಿಸಿಕೊಂಡಳು.

ಆ ವಾರವೇ ಹಿತ್ತಲು ಅಗೆಸಿದರು. ಕೂಲಿಗೆ ಬಂದ ಇಬ್ಬರು ಬೇಲಿಯ ಬುಡದಿಂದ ಗೌರಿ ಗೆಡ್ಡೆಗಳನ್ನೆಲ್ಲ ಕಿತ್ತು ರಾಶಿ ಹಾಕಿದರು. ಹೂ ತುಂಬಿದ ಬಳ್ಳಿಗಳು ಇನ್ನೂ ಅದರ ಮೇಲೇ ಇದ್ದವು. ತುಂಬೆ, ಹುಚ್ಚೆಳ್ಳು ಎಲ್ಲವನ್ನೂ ಕೊಚ್ಚಿ ಸೀಮೆಎಣ್ಣೆ ಸುರಿದು ಸುಟ್ಟರು. ಹಸಿ ಬಳ್ಳಿ ಬೇಗ ಹತ್ತಿಕೊಳ್ಳಲಿಲ್ಲ, ಸಂಜೆಯವರೆಗೂ ಹೊಗೆಯಾಡಿತು. ಮಾರನೆಯ ದಿನ ಆ ದಪ್ಪ ದುಂಬಿ ಎಂದಿನ ಹೊತ್ತಿಗೆ ಬಂದು, ಬರಿಯ ಬೇಲಿಯ ಮೇಲೆ ಆ ಕಡೆ ಈ ಕಡೆ ಹಾರಾಡಿ, ಗೋಡೆಗೆ ಒಮ್ಮೆ ಬಡಿದು ಹೋಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನನ್ನ ಗಂಡನ ಬಗ್ಗೆ ಒಂದು ಮಾತು. ಒಳ್ಳೆಯ ಮನುಷ್ಯ. ಬದುಕಿರುವವರೆಗೆ ನನಗೆ ಒಂದು ಏಟು ಹೊಡೆದವರಲ್ಲ, ಒಂದು ಕೆಟ್ಟ ಮಾತು ಆಡಿದವರಲ್ಲ. ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು ನಾನು ಬಹಳ ಸಲ ಕೇಳಿದೆ. ಮಾತಾಡಿದ್ದರೆ ಮನೆ ಒಡೆಯುತ್ತಿತ್ತು ಎನ್ನುತ್ತಿದ್ದರು. ಕೆಲವು ವರ್ಷಕ್ಕೆ ಅಣ್ಣತಮ್ಮ ಭಾಗವಾಗಿ ನಡುಮನೆಗೆ ಗೋಡೆ ಎದ್ದಿತು. ಆಗ ಮತ್ತೆ ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನೀಲಮ್ಮ ಬಂದಳು. ಹೆಂಡತಿ ಇರುವಾಗ ಇನ್ನೊಂದು ಮದುವೆ ಕೂಡದೆನ್ನುವ ಕಾನೂನು ತಾಳವಾಡಿಯ ಆಫೀಸಿನಲ್ಲಿತ್ತು, ನಮ್ಮ ಚಪ್ಪರದ ಕೆಳಗೆ ಬಂದಿರಲಿಲ್ಲ. ಅವಳನ್ನು ದ್ವೇಷಿಸಬೇಕೆಂದು ನಾನು ತಯಾರಾಗಿ ಕೂತಿದ್ದೆ. ಆದರೆ ಬಂದವಳು ಏನೂ ಅರಿಯದ ಹುಡುಗಿ. ಮದುಮಗಳ ಸೀರೆಯಲ್ಲೇ ಬಂದು ನನ್ನ ಪಕ್ಕ ಕೂತು, ಅಕ್ಕ ಎಂದು ಕರೆದು, ಮುದ್ದೆ ತಿರುವುವುದು ಹೇಗೆ ಎಂದು ಕೇಳಿದಳು. ನಾನು ಅವಳ ಕೈಗೆ ಕೋಲು ಕೊಟ್ಟೆ. ಇನ್ನೇನು ಮಾಡಬೇಕಿತ್ತು ಹೇಳಿ.

ಎಷ್ಟೇ ಅಗೆದರೂ ಯಾವುದೋ ಗೆಡ್ಡೆಯ ಚೂರು ಮಣ್ಣಿನಲ್ಲಿ ಉಳಿದಿತ್ತು. ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೂಲೆಯಲ್ಲಿ ಒಂದೇ ಒಂದು ಬಳ್ಳಿ ಎದ್ದು ಹೂ ಬಿಟ್ಟಿತು. ನೀಲಮ್ಮ ಅದನ್ನು ಕಂಡು ಆಸೆಯಿಂದ ಕಿತ್ತು ತಂದು ಗೌರಮ್ಮನ ಕಳಶದ ಮುಂದೆ ಇಟ್ಟಳು. ಅತ್ತೆ ಬಂದು ನೋಡಿದರು. ಹೂವನ್ನು ಎತ್ತಿ ಬಚ್ಚಲಿಗೆ ಎಸೆದು, ಮತ್ತೆ ಸ್ನಾನ ಮಾಡಿ ಬಂದು ಪೂಜೆಗೆ ಕೂತರು. ಆ ಹುಡುಗಿ ಬಿಳಿಚಿಕೊಂಡು ನನ್ನನ್ನು ನೋಡಿತು. ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಹೇಳಿದೆ. ಅವಳು ಅತ್ತಳು. ತನಗೆ ಹೀಗೆಂದು ಯಾರೂ ಹೇಳಿರಲಿಲ್ಲ, ಮೊದಲ ಹೆಂಡತಿ ತಾನಾಗಿ ಬಿಟ್ಟುಹೋದಳೆಂದು ಹೇಳಿದ್ದರು ಎಂದಳು. ಆ ಬಳ್ಳಿಯನ್ನು ನಾವಿಬ್ಬರೂ ಸೇರಿ ಕಾಪಾಡಬೇಕೆಂದು ಅವತ್ತು ಮಾತಾಡಿಕೊಂಡೆವು. ಗೆಡ್ಡೆ ಕವಲೊಡೆದು ಎರಡಾದರೆ ಒಂದನ್ನು ಅಕ್ಕನಿಗೆ ಕೊಡಬೇಕೆಂಬುದು ನನ್ನ ಆಸೆ.

ನೀಲಮ್ಮನಿಗೆ ತಿಂಗಳು ನಿಂತಿತು. ಒಂದು ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ಅವಳು ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಆ ಗೆಡ್ಡೆಯನ್ನು ಅಗೆಯುತ್ತಿದ್ದಳು. ನನ್ನನ್ನು ಕಂಡು ನಿಂತಳು, ಆದರೆ ಗುದ್ದಲಿ ಬಿಡಲಿಲ್ಲ.

"ನಿನ್ ಮಾತ ನಂಬಿವ್ನಿ ಕಣಕ್ಕ. ನಂಬಿದ್ರೂ ಎದ್ರಿಕ ಓಗ್ನಿಲ್ಲ" ಅಂದಳು.

ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಗೆಡ್ಡೆಯನ್ನು ಅವಳ ಕೈಯಿಂದ ಈಸಿಕೊಂಡು ಹಟ್ಟಿಯಾಚೆ ಹೊಲದ ಬದುವಿನಲ್ಲಿ ಹೂತೆ. ಅವಳಿಗೆ ಗಂಡು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನೇ. ಅವನು ನನ್ನ ಸೊಂಟದ ಮೇಲೆಯೇ ಬೆಳೆದ. ಸಹನಾಳ ಅಪ್ಪ ಅವನು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಲ ಗೆಟ್ಟವಾಡಿಗೆ ಹೋದೆ. ಅಷ್ಟು ವರ್ಷ ಹೋಗಲು ಬಿಟ್ಟಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಹೋಗಬಹುದಾಯಿತು. ಅಕ್ಕ ತನ್ನ ಅಣ್ಣನ ಮನೆಯಲ್ಲಿದ್ದಳು. ಅವರ ಹೊಲದಲ್ಲಿ ಚೆಂಡುಹೂವು, ಸೇವಂತಿಗೆ. ಕಿತ್ತು ಕುಕ್ಕೆಗೆ ತುಂಬಿ ದಿನಾ ಬೆಳಗಿನ ಬಸ್ಸಿಗೆ ಚಾಮರಾಜನಗರದ ಮಾರ್ಕೆಟ್ಟಿಗೆ ಹೊರುವುದು ಅವಳ ಕೆಲಸವಾಗಿತ್ತು. ನಾನು ಹೋದಾಗ ಮಧ್ಯಾಹ್ನ. ಜಗಲಿಯಲ್ಲಿ ಕೂತು ಖಾಲಿ ಕುಕ್ಕೆ ಒರೆಸುತ್ತಿದ್ದಳು. ತಲೆ ನೆರೆತಿತ್ತು, ಬೆರಳ ತುದಿಗಳೆಲ್ಲ ಹೂವಿನ ಕಲೆಯಿಂದ ಹಳದಿ. ಬಾ ಎಂದಳು, ನೀರು ಕೊಟ್ಟಳು. ನನ್ನ ಮಗಳ ಬಗ್ಗೆ ಕೇಳಿದಳು. ಬೇರೆ ಯಾರ ಬಗ್ಗೆಯೂ ಕೇಳಲಿಲ್ಲ.

ಹೊಲದ ಕಡೆ ನೋಡುತ್ತ, ಇಷ್ಟು ಹೂವಿದೆ, ಜೇನಿಗೆ ಹಬ್ಬವೇ ಅಲ್ಲವಾ ಅಕ್ಕ ಅಂದೆ. ಮಾತು ಬೆಳೆಸಬೇಕಿತ್ತು ನನಗೆ. ಔಷಧಿ ಹೊಡೆಯುತ್ತಾರೆ, ಒಂದೂ ಬರುವುದಿಲ್ಲ ಎಂದಳು. ಆಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ಆ ಸುಮ್ಮನೆ ಹಿಂದೆ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದ ಸುಮ್ಮನೆಯ ಹಾಗಿರಲಿಲ್ಲ.

ಹೊರಡುವ ಮುಂಚೆ ಚೀಲದಿಂದ ಒಂದು ಪೊಟ್ಟಣ ತೆಗೆದು ಅವಳ ಮುಂದೆ ಇಟ್ಟೆ. ಬದುವಿನಲ್ಲಿ ನಾನು ಹೂತಿದ್ದ ಗೆಡ್ಡೆ ಹೇಗೋ ಉಳಿದುಕೊಂಡು ಬೆಳೆದಿತ್ತು. ನನ್ನ ಕೈಯಲ್ಲಿ ಬದುಕಿದ ಗಿಡ ಅದೊಂದೇ ಎಂದು ಹೇಳಬೇಕು. ಅದರ ಒಂದು ಕವಲನ್ನು ಹಸಿ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಎಷ್ಟು ದಿನದಿಂದ ಮನಸ್ಸಿನಲ್ಲಿ ಈ ಗಳಿಗೆಯನ್ನು ಕಟ್ಟಿಕೊಂಡಿದ್ದೆನೋ. ಅವಳು ಬಟ್ಟೆ ಬಿಚ್ಚುತ್ತಾಳೆ, ನೋಡುತ್ತಾಳೆ, ನಗುತ್ತಾಳೆ.

ಬಿಚ್ಚಿದಳು. ನೋಡಿದಳು. ತಕ್ಷಣ ಬಟ್ಟೆ ಮುಚ್ಚಿ ಒಳಬಾಗಿಲ ಕಡೆಗೆ ತಿರುಗಿದಳು, ಯಾರಾದರೂ ಕಂಡರಾ ಎಂದು.

"ಎತ್ಕಂಡೋಗು. ಅಣ್ಣನ ಸೊಸ ಬಸುರಿ" ಅಂದಳು.

ಅವಳೇ ಪೊಟ್ಟಣವನ್ನು ನನ್ನ ಚೀಲದೊಳಗೆ ತುರುಕಿ, ಕೈ ತೊಳೆಯಲು ಎದ್ದುಹೋದಳು. ಬಹಳ ಹೊತ್ತು ತೊಳೆದಳು. ನಾನು ಬಸ್ಸು ಹತ್ತಿ ಕೂತ ಮೇಲೂ ಆ ನೀರಿನ ಸದ್ದು ನನ್ನ ಕಿವಿಯಲ್ಲಿತ್ತು. ಪೊಟ್ಟಣವನ್ನು ಏನು ಮಾಡಿದೆ ಎಂದು ಕೇಳಬೇಡಿ. ಬಸ್ಸಿನ ಕಿಟಕಿಯಿಂದ ಎಸೆದೆ.

ಅದಾಗಿ ಎರಡು ಮೂರು ವರ್ಷಕ್ಕೆ ಅಕ್ಕ ಹೊಟ್ಟೆನೋವಿನಿಂದ ತೀರಿಕೊಂಡಳು ಎಂದು ಸುದ್ದಿ ಬಂತು. ಮಣ್ಣಾದ ಮೇಲೆ ಬಂದ ಸುದ್ದಿ. ಅವಳು ಗೆಡ್ಡೆ ತಿಂದಳು ಎಂದು ಇಲ್ಲಿ ಕೆಲವರು ಆಡಿಕೊಂಡರು. ಸುಳ್ಳು, ಆರು ತಿಂಗಳು ಹಾಸಿಗೆ ಹಿಡಿದಿದ್ದಳು. ಸತ್ತ ಮೇಲೂ ಆ ಹೂವನ್ನು ಅವಳ ಕೊರಳಿಗೆ ಕಟ್ಟಿಯೇ ಕಳಿಸಿದರು. ಬಾವ ಅವತ್ತು ಹೊಲಕ್ಕೆ ಹೋಗಲಿಲ್ಲ. ಊಟವನ್ನೂ ಮಾಡಲಿಲ್ಲ ಎಂದು ನೀಲಮ್ಮ ಹೇಳಿದಳು. ನನಗೆ ಅದು ಸಾಲದು ಅನ್ನಿಸಿತು. ಆಮೇಲೆ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಮಕ್ಕಳು ಅದು ಗೊತ್ತಿಲ್ಲದೆ ಬೆಳೆದರು, ಮೊಮ್ಮಕ್ಕಳೂ.

ಬೆಳಗಿನ ಮಾತಿಗೆ ಬರುತ್ತೇನೆ. ನಾನು ಬಟ್ಟೆ ಹರವಿ ಮುಗಿಸುವಷ್ಟರಲ್ಲಿ ಸಹನಾ ಬೇಲಿಯ ಪಕ್ಕ ಗುಂಡಿ ತೋಡಿ ಬಳ್ಳಿಯನ್ನು ನೆಟ್ಟಿದ್ದಳು. ಇದಕ್ಕೆ ಯಾವ ಚಿಟ್ಟೆ ಬರುತ್ತದೆ, ಯಾವ ಹಕ್ಕಿ ಬರುತ್ತದೆ ಎಂದು ಓದಿಕೊಂಡದ್ದನ್ನು ಹೇಳುತ್ತಿದ್ದಳು, ಕಣ್ಣು ಅರಳಿಸಿಕೊಂಡು. ಈಗ ಇದನ್ನು ನೆಟ್ಟರೆ ಹೊಗಳುತ್ತಾರೆ. ನನಗೆ ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ. "ಈ ಮನೇಲಿ ಇದ ಮೊದ್ಲು ನೆಟ್ಟೋಳು ನೀನಲ್ಲ. ರಾಜಮ್ಮಣ್ಣಿ ಅಂತ ಒಬ್ಳಿದ್ದಳು" ಅಂದುಬಿಟ್ಟೆ. ಆಮೇಲೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ.

ಅವಳು ಗುದ್ದಲಿಯನ್ನು ಕಾಲ ಮೇಲೆ ಇಟ್ಟುಕೊಂಡು ಕೇಳಿದಳು. ಕೊನೆಗೆ, "ಅವ್ರು ಇದ್ದಿದ್ರ ನಾನು ಉಟ್ತಿರ್ನಿಲ್ಲ ಅಲ್ವಾ ಚಿಕ್ಕಜ್ಜಿ?" ಅಂದಳು. ಇದನ್ನು ನಾನು ಎಷ್ಟೋ ವರ್ಷದಿಂದ ನನ್ನೊಳಗೇ ಕೇಳಿಕೊಂಡಿದ್ದೇನೆ. ಆ ಅನ್ಯಾಯವನ್ನು ಬಾಯಿತುಂಬ ಶಪಿಸೋಣವೆಂದರೆ ನಾನು ಎತ್ತಿ ಆಡಿಸಿದ ಮಗು ಅಡ್ಡ ಬರುತ್ತದೆ, ಈ ಹುಡುಗಿ ಅಡ್ಡ ಬರುತ್ತಾಳೆ. ಇಲ್ಲ ಅಂದೆ.

ಅವಳು ಎದ್ದು ನೇರ ತನ್ನ ತಾತನ ಭಾಗದ ಜಗಲಿಗೆ ಹೋದಳು. ನಾನು ಬೇಡ ಬೇಡ ಎನ್ನುತ್ತ ಹಿಂದೆ ಹೋಗುವಷ್ಟರಲ್ಲಿ ತಡವಾಗಿತ್ತು. ಬಾವ ಗೋಡೆಗೊರಗಿ ಕೂತಿದ್ದರು. ಎಂಬತ್ತು ದಾಟಿದ ಜೀವ, ಕಿವಿ ಮಾತ್ರ ಚೆನ್ನಾಗಿದೆ. ಪಕ್ಕದಲ್ಲಿ ನೀಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ತಾತ, ರಾಜಮ್ಮಣ್ಣಿ ಅಂದ್ರ ಯಾರು?"

ನೀಲಮ್ಮನ ಕೈ ನಿಂತಿತು. ಬಾವ ತಲೆ ಎತ್ತಿ ಮೊಮ್ಮಗಳನ್ನು ನೋಡಿದರು. ಆಮೇಲೆ ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ನೆಲ ನೋಡಲಿಲ್ಲ.

"ನನ್ನೆಡ್ತಿ ಕಣವ್ವ" ಅಂದರು.

ಗುಡಿಯ ಜಗಲಿಯ ಮೇಲೆ ಯಜಮಾನರು ಎರಡೆರಡು ಸಲ ಕೇಳಿದಾಗ ಇದೊಂದು ಮಾತು ಬಂದಿದ್ದರೆ ಸಾಕಿತ್ತು. ಅಕ್ಕ ಕಾದದ್ದು ಇದಕ್ಕೇ. ನನ್ನ ಹೆಂಡತಿ ಎಂದು ಹೇಳಲು ಈ ಮನುಷ್ಯನಿಗೆ ಒಂದು ಆಯಸ್ಸೇ ಬೇಕಾಯಿತು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನೀಲಮ್ಮ ತನ್ನ ಸೆರಗಿನಿಂದ ಅದನ್ನು ಒರೆಸಿದಳು. ನನಗೆ ಕನಿಕರ ಬರಲಿಲ್ಲ, ಬರಬೇಕಿತ್ತೇನೋ. ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎನ್ನುತ್ತಾರಲ್ಲ, ನನ್ನದು ಆ ಜಾಗದಲ್ಲಿ ಮಾಗಿಲ್ಲ.

ನನ್ನ ಭಾಗಕ್ಕೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಗೋಡೆಯ ಆಚೆ ಸಹನಾ ಇನ್ನೂ ಕೇಳುತ್ತಿದ್ದಳು, ಅವರ ಊರು ಯಾವುದು, ನೋಡಲು ಹೇಗಿದ್ದರು, ಯಾಕೆ ಸುಮ್ಮನಿದ್ದೆ ತಾತ ಅಂತ. ಅವರು ನಿಧಾನವಾಗಿ, ಒಂದೊಂದಕ್ಕೇ, ಉತ್ತರ ಹೇಳುತ್ತಿದ್ದರು.